ಕೆಂಚನಾವತಿ ಊಟ ಬಿಟ್ಟ ದಿನಗಳು

ಜೂನ್ 20, ಶುಕ್ರವಾರ

ಬೀದಿಯ ಸಭೆಗಳ ನಡಾವಳಿ ಬರೆಯಲೆಂದು ತಂದ ಪುಸ್ತಕ ಇದು, ಅರ್ಧ ಖಾಲಿ ಉಳಿದಿದೆ. ಸಭೆಗೆ ಬರೆಯುವ ಹಾಗೆಯೇ ಶುರು ಮಾಡುತ್ತೇನೆ. ಬೇರೆ ರೀತಿ ಬರೆದು ಗೊತ್ತಿಲ್ಲ.

ಹಾಜರಿದ್ದವರು: ದರ್ಮಾಜಿ, ವಯಸ್ಸು ಅರವತ್ತೊಂದು, ನಿವೃತ್ತ ಶಾಲಾ ಗುಮಾಸ್ತ, ಇಪ್ಪತ್ತೆರಡು ವರ್ಷದಿಂದ ಈ ಬೀದಿಯ ನಲವತ್ತೆರಡು ಮನೆಗಳಿಗೆ ಪಾಕ್ ಆರ್‌ಟಿ, ಅಂದರೆ ಮುಖಂಡ. ಗೈರುಹಾಜರಾದವರು: ಉಮಿಯಾತಿ, ನನ್ನ ಹೆಂಡತಿ; ಜನರ ಬಾಯಲ್ಲಿ ನಾನು 'ಪಾಕ್', ಅಂದರೆ ಅಪ್ಪ, ಅವಳು 'ಬು', ಅಂದರೆ ಅಮ್ಮ. ತೀರಿಕೊಂಡು ಇವತ್ತಿಗೆ ಐವತ್ತೇಳನೇ ದಿನ.

ವಿಷಯ: ಹಾವು.

ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಬಂತು. ಅಂಬಾರಾವಾ ಊರಿನಿಂದ ಗುನಾರ್ಸೊ ಅಂತೆ, ಬೈಕಿನ ಸೀಟು ಹೊಲಿಯುವವನಂತೆ. "ಬು ಉಮಿಯಾತಿ ಇದಾರಾ? ಅವರ ಹಾವು ರೆಡಿಯಾಗಿದೆ, ಬಂದು ತಗೊಂಡು ಹೋಗ್ಲಿ" ಅಂದ. ರಾಂಗ್ ನಂಬರ್ ಅಂದೆ. ಅವನು ನಮ್ಮ ಬೀದಿಯ ಹೆಸರು, ಮನೆ ನಂಬರು, ಉಮಿಯ ಅಪ್ಪನ ಹೆಸರು ಕೂಡ ಹೇಳಿದ. ಅವಳು ತೀರಿಕೊಂಡಳು ಅಂತ ನಾನು ಹೇಳಬೇಕಾಯಿತು.

"ಹಾಗಾದ್ರೆ ಹಾವನ್ನ ಏನ್ ಮಾಡ್ಲಿ ಪಾಕ್?"

"ತಗೊಂಡು ಬನ್ನಿ" ಅಂದುಬಿಟ್ಟೆ. ಯಾರಾದರೂ ಏನಾದರೂ ಕೇಳಿದರೆ ನನ್ನ ಬಾಯಲ್ಲಿ 'ಬೇಡ' ಅನ್ನುವ ಪದ ಬರುವುದೇ ಇಲ್ಲ.

ಉಮಿ ಹಾವು ಬೇಕೆಂದು ಹೇಳಿದ್ದಳಂತೆ. ಮೂವತ್ತನಾಲ್ಕು ವರ್ಷ ಒಂದೇ ಸೂರಿನಡಿ ಇದ್ದವಳು. ನನಗೆ ತಲೆಬುಡ ಅರ್ಥವಾಗುತ್ತಿಲ್ಲ.

ಜೂನ್ 21, ಶನಿವಾರ

ಬಂತು. ಬಾಲ್ ಪೈಥಾನ್ ಅಂತೆ, ವಿಷವಿಲ್ಲದ ಪುಟ್ಟ ಹೆಬ್ಬಾವು, ಹೆಣ್ಣು, ಒಂದೂವರೆ ವರ್ಷ. ಕಂದು ಮೈಮೇಲೆ ಹೊನ್ನಿನ ಬಣ್ಣದ ಮಚ್ಚೆ. ಹೆದರಿದರೆ ತಲೆಯನ್ನು ನಡುವೆ ಬಚ್ಚಿಟ್ಟುಕೊಂಡು ಉಂಡೆಯಾಗಿಬಿಡುತ್ತದೆ. ನಾನು ನೋಡಿದ್ದು ಉಂಡೆಯನ್ನೇ.

ಗುನಾರ್ಸೊ ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಗಾಜಿನ ಪೆಟ್ಟಿಗೆ ಜೋಡಿಸಿದ, ಒಂದು ಬದಿಗೆ ಬೆಚ್ಚಗಿನ ಬಲ್ಬು ಹಾಕಿದ. ನಮ್ಮ ಸಾಲಾತಿಗಾ ಬೆಟ್ಟದ ಬುಡದ ಊರು, ಹಾವಿಗೆ ಚಳಿಯಾಗುತ್ತದೆಂದು. ಒಳಗೆ ಎರಡು ಮಣ್ಣಿನ ಮಡಕೆ ಬೋರಲು ಇಟ್ಟ, ಅವಳು ಅಡಗಿಕೊಳ್ಳಲು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ: ನಾನೂರ ಹನ್ನೆರಡು ಗ್ರಾಂ.

"ಒಂದು ವಾರ ಮುಟ್ಬೇಡಿ. ಯಾರಿಗೂ ತೋರಿಸ್ಬೇಡಿ. ಇವಳು ತುಂಬಾ ನಾಚಿಕೆಯವಳು. ಆಮೇಲೆ ಇಲಿ ಕೊಡಿ."

"ಖಂಡಿತ, ಖಂಡಿತ" ಅಂದೆ. ನಾನು ಹಾಗನ್ನುವಾಗಲೇ ಎದುರುಮನೆಯ ಲೆಗಿಮಾನ್ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಅವನಿಗೆ ಎಪ್ಪತ್ತು, ದಿನಕ್ಕೆ ಎರಡು ಸಲ ಬರುತ್ತಾನೆ, ಚದುರಂಗ ಆಡುತ್ತಾನೆ, ಸೋತರೆ ಮೂರನೇ ಸಲವೂ ಬರುತ್ತಾನೆ.

ಪೆಟ್ಟಿಗೆಯನ್ನು ಮುಂದಿನ ಕೋಣೆಯಲ್ಲೇ ಇಟ್ಟೆ. ಮನೆಗೆ ಹೊಸದಾಗಿ ಬಂದವರನ್ನು ಹಿಂದಿನ ಕೋಣೆಯಲ್ಲಿ ಕೂರಿಸುವುದುಂಟೆ?

ಜೂನ್ 22, ಭಾನುವಾರ

ಮಗು ಹುಟ್ಟಿದ ಮನೆಗೆ ಬರುವ ಹಾಗೆ ಬಂದರು. ಲೆಕ್ಕ ಇಟ್ಟೆ, ಹತ್ತೊಂಬತ್ತು ಜನ. ಸಕ್ಕರೆ ಪೊಟ್ಟಣ ಎಂಟು, ಚಹಾಪುಡಿ ಐದು, ಮಗುವಿನ ಸೋಪು ಎರಡು. ಹಾವಿಗೆ ಸೋಪು ಯಾಕೆ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಬಂದವರಿಗೆ ತೋರಿಸದೆ ಕಳಿಸಿದರೆ ಜಂಬ ಅಂದುಕೊಳ್ಳುತ್ತಾರೆ. ಪ್ರತಿಯೊಬ್ಬರಿಗೂ ಮುಚ್ಚಳ ತೆಗೆದು, ಮಡಕೆ ಎತ್ತಿ ತೋರಿಸಿದೆ. ಹತ್ತೊಂಬತ್ತು ಸಲವೂ ಉಂಡೆ.

ಹೆಸರೇನು ಅಂತ ಎಲ್ಲರೂ ಕೇಳಿದರು. ಹೆಸರಿಲ್ಲ ಅಂದರೆ ಬೀದಿಯ ಮುಖಂಡನಿಗೆ ಶೋಭೆಯೆ? ದೇವಿ ಕೆಂಚನಾವತಿ ಅಂದೆ. ಹೊನ್ನಿನ ರಾಣಿ. ನನಗೇ ಇಷ್ಟವಾಯಿತು.

ಚಹಾ ನಾನೇ ಮಾಡಿದೆ. ಹತ್ತೊಂಬತ್ತು ಜನಕ್ಕೆ ಚಹಾ ಮಾಡಿದರೆ ಸೊಂಟ ಇಷ್ಟು ನೋಯುತ್ತದೆ ಅಂತ ಗೊತ್ತಿರಲಿಲ್ಲ.

ಜೂನ್ 28, ಶನಿವಾರ

ಒಂದು ವಾರ ಆಯಿತು, ಇಲಿ ಕೊಟ್ಟೆ. ಗುನಾರ್ಸೊ ಸತ್ತ ಇಲಿಗಳನ್ನು ಹೆಪ್ಪುಗಟ್ಟಿಸಿ ಕಟ್ಟುಕಟ್ಟಾಗಿ ಕೊಟ್ಟು ಹೋಗಿದ್ದಾನೆ. ಬಿಸಿನೀರಲ್ಲಿ ನೆನೆಸಿ, ಒರೆಸಿ, ಇಕ್ಕಳದಲ್ಲಿ ಹಿಡಿದು ಮುಂದೆ ಒಡ್ಡಬೇಕು. ನನ್ನ ಕೈ ಎಷ್ಟು ನಡುಗಿತೆಂದರೆ ಇಲಿಗೇ ಜೀವ ಬಂದ ಹಾಗಿತ್ತು. ಲೆಗಿಮಾನ್ ಪಕ್ಕದಲ್ಲಿ ನಿಂತು "ತಿನ್ನವ್ವಾ, ತಿನ್ನು, ನಿಮ್ಮಪ್ಪ ಕಷ್ಟಪಟ್ಟು ಬೇಯಿಸಿದಾನೆ" ಅಂತ ಗದ್ದಲ ಮಾಡಿದ. ಕೆಂಚನಾವತಿ ಮಡಕೆಯಿಂದ ಮೂಗು ಕೂಡ ಹೊರಗಿಡಲಿಲ್ಲ.

ಇಲಿಗಳನ್ನು ಫ್ರೀಜರಿನಲ್ಲಿ ಇಟ್ಟಿದ್ದೆ. ಪಕ್ಕದ ಮನೆಯ ಬು ಕಸ್ಮಿ ಅಂಗಡಿಗೆ ಮಾರುವ ಐಸ್‌ಕ್ಯಾಂಡಿಯನ್ನು ಹತ್ತು ವರ್ಷದಿಂದ ನಮ್ಮ ಫ್ರೀಜರಿನಲ್ಲೇ ಇಡುವುದು, ಬೇಕಾದಾಗ ಹಿತ್ತಲ ಬಾಗಿಲಿಂದ ಬಂದು ತೆಗೆದುಕೊಳ್ಳುವುದು. ಇವತ್ತು ಕೈಹಾಕಿ ಇಲಿ ಹಿಡಿದಳು. ಅವಳ ಕೂಗಿಗೆ ಬೀದಿಯೇ ಬಂತು. ಎಲ್ಲರೂ ಬಂದಮೇಲೆ ಮತ್ತೆ ಚಹಾ.

ಜುಲೈ 1, ಮಂಗಳವಾರ

ಬು ಕಸ್ಮಿಯನ್ನು ಕೇಳಿದೆ, ಉಮಿ ಹಾವಿನ ವಿಷಯ ನಿನಗೇನಾದರೂ ಹೇಳಿದ್ದಳಾ ಅಂತ. ಹೇಳಿದ್ದರೆ ಇವಳಿಗೇ ಹೇಳಿರಬೇಕು.

"ಉಮಿ ಹಾವು ಸಾಕೋದಾ? ಜಿರಳೆ ಕಂಡ್ರೆ ಕುರ್ಚಿ ಹತ್ತೋ ಮನೆ ಇದು!" ಅಂದಳು.

ಕುರ್ಚಿ ಹತ್ತುತ್ತಿದ್ದದ್ದು ನಾನು. ತಿದ್ದಲಿಲ್ಲ.

"ಅವಳು ನಂಗೆ ಏನೂ ಹೇಳ್ತಿರ್ಲಿಲ್ಲ ಪಾಕ್ ಆರ್‌ಟಿ. ನಾನ್ ಹೇಳೋದನ್ನ ಕೇಳ್ತಿದ್ಲು ಅಷ್ಟೇ. ಎಂಥಾ ತಾಳ್ಮೆ! ಒಂದಿನ ಮುಖ ಸಿಂಡರಿಸಿದವಳಲ್ಲ" ಅಂತ ಕಣ್ಣೊರೆಸಿಕೊಂಡಳು. ಲೆಗಿಮಾನನೂ ಇದನ್ನೇ ಅಂದ. ಎಲ್ಲರೂ ಹೊಗಳುತ್ತಾರೆ, ಯಾರಿಗೂ ಏನೂ ಗೊತ್ತಿಲ್ಲ.

ನನಗೆ ಗೊತ್ತಿದ್ದದ್ದೇನು? ಚಹಾಕ್ಕೆ ಅವಳು ಸಕ್ಕರೆ ಹಾಕಿಕೊಳ್ಳುತ್ತಿರಲಿಲ್ಲ. ಬಲಗಡೆ ಮಲಗುತ್ತಿದ್ದಳು. ಬರೆಯಲು ಕೂತರೆ ಪಟ್ಟಿ ಇಷ್ಟಕ್ಕೇ ನಿಲ್ಲುತ್ತದೆ.

ಜುಲೈ 5, ಶನಿವಾರ

ಇಲಿ ಬೇಡ. ತೂಕ ಮುನ್ನೂರ ತೊಂಬತ್ತಾರು.

ಸಲಹೆಗಳು: ಇಲಿಗೆ ಕೋಳಿ ಸಾರು ಹಚ್ಚಿ (ಕಸ್ಮಿ). ಹಾವಿಗೆ ಬೇಸರ, ಗಾಜಿನ ಮುಂದೆ ರೇಡಿಯೋ ಇಡಿ (ಲೆಗಿಮಾನ್). ಕೈಯಲ್ಲಿ ಎತ್ತಿ ಅಂಗಳದಲ್ಲಿ ಬಿಸಿಲು ಕಾಯಿಸಿ (ಮಸೀದಿಯ ಕಾವಲುಗಾರ). ಮೂರನ್ನೂ ಮಾಡಿದೆ. ಯಾರ ಮಾತನ್ನು ಬಿಟ್ಟರೂ ಅವರಿಗೆ ಬೇಜಾರು.

ಬಿಸಿಲಲ್ಲಿ ಅವಳು ನನ್ನ ಮಣಿಕಟ್ಟು ಸುತ್ತಿಕೊಂಡು ನಡುಗಿದಳು. ಹಾವು ನಡುಗುತ್ತದೆಂದು ನನಗೆ ಗೊತ್ತಿರಲಿಲ್ಲ. ನಡುಗಿದ್ದು ನನ್ನ ಕೈಯೋ ಏನೋ, ಅದೂ ಗೊತ್ತಿಲ್ಲ.

ಇದು ಉಮಿ ತಾನಾಗಿ ಆರಿಸಿದ ಕೊನೆಯ ವಸ್ತು. ನನ್ನ ಕೈಯಲ್ಲಿ ಸತ್ತರೆ ನಾನು ಯಾರಿಗೆ ಮುಖ ತೋರಿಸಲಿ?

ಜುಲೈ 9, ಬುಧವಾರ

ಕಸ್ಮಿ ಕಾರಣ ಕಂಡುಹಿಡಿದಿದ್ದಾಳೆ. ಹೆಸರು ಭಾರವಾಗಿದೆ.

"ಅಲ್ಲ ಪಾಕ್ ಆರ್‌ಟಿ, ನಾನೂರು ಗ್ರಾಂ ಇಲ್ಲ, ಅದಕ್ಕೆ ಹೊತ್ಕೊಳೋಕೆ ದೇವಿ ಕೆಂಚನಾವತಿ ಅನ್ನೋ ಹೆಸರು! ನನ್ನ ಎರಡನೇ ಮಗನಿಗೆ ಹಿಂಗೇ ಆಗಿತ್ತಲ್ಲ. ದೊಡ್ಡ ರಾಜನ ಹೆಸರಿಟ್ಟಿದ್ವಿ, ವರ್ಷಪೂರ್ತಿ ಭೇದಿ. ಹೆಸರು ಬದಲಾಯಿಸಿ ಕೆಂಪು-ಬಿಳಿ ಗಂಜಿ ಹಂಚಿದ್ವಿ. ಈಗ ನೋಡಿ ಹೆಂಗೆ ಎಮ್ಮೆ ಥರಾ ಇದಾನೆ."

ನಗಬೇಕೆಂದುಕೊಂಡೆ. ಆದರೆ ನಮ್ಮ ಬೀದಿಯಲ್ಲೇ ಏಳು ಮಕ್ಕಳ ಹೆಸರು ಹೀಗೆ ಬದಲಾಗಿದೆ, ಅರ್ಜಿಗಳಿಗೆ ಮೊಹರು ಒತ್ತಿದವನು ನಾನೇ. ಏಳೂ ಬದುಕಿವೆ.

ಜುಲೈ 12, ಶನಿವಾರ

ಹೆಸರು ಬದಲಾವಣೆ ಸಾಂಗವಾಗಿ ನೆರವೇರಿತು. ಹಾಜರಿದ್ದವರು ಮೂವತ್ತೊಂದು. ಮುಂದಿನ ಕೋಣೆಯಲ್ಲಿ ಜಾಗ ಸಾಲದೆ ಕುರ್ಚಿಗಳನ್ನು ಅಂಗಳಕ್ಕೆ ಹಾಕಿ, ಎಲ್ಲರೂ ಪೆಟ್ಟಿಗೆಯ ಸುತ್ತ ಚಾಪೆಯಲ್ಲಿ ಕೂತರು. ಬೆಲ್ಲದ ಕೆಂಪು ಗಂಜಿ, ತೆಂಗಿನಹಾಲಿನ ಬಿಳಿ ಗಂಜಿ. ಮಸೀದಿಯ ಹಿರಿಯರು ಪ್ರಾರ್ಥನೆ ಹೇಳಿದರು, ಎಲ್ಲರೂ ಒಟ್ಟಿಗೆ ಆಮೀನ್ ಅಂದಾಗ ಗಾಜು ಅದುರಿತು. ಹೊಸ ಹೆಸರು ಬೆಜೊ. ಅದೃಷ್ಟ ಅಂತ ಅರ್ಥ. ಗಂಡಸಿನ ಹೆಸರಲ್ಲವೇ ಅಂತ ಒಬ್ಬರು ಕೇಳಿದರು. "ಹಾವಿಗೆ ಗೊತ್ತಾಗತ್ತಾ?" ಅಂದ ಲೆಗಿಮಾನ್, ಎರಡನೇ ಬಟ್ಟಲು ಗಂಜಿಗೆ ಕೈಚಾಚುತ್ತ.

ಹೋಗುವಾಗ ಎಲ್ಲರೂ ಒಬ್ಬೊಬ್ಬರಾಗಿ ಗಾಜು ತಟ್ಟಿ "ಊಟ ಮಾಡು ಬೆಜೊ" ಅಂದು ಹೋದರು. ಎಷ್ಟು ಪ್ರೀತಿಯ ಜನ ಅಂತ ನನಗೆ ಎದೆ ತುಂಬಿ ಬಂತು.

ಜುಲೈ 15, ಮಂಗಳವಾರ

ಮೂರು ದಿನದಿಂದ ಮಡಕೆಯ ಹೊರಗೆ ಬಂದಿಲ್ಲ. ನೀರಿಗೂ ಬಂದಿಲ್ಲ.

ಜುಲೈ 19, ಶನಿವಾರ

ಮುನ್ನೂರ ಎಪ್ಪತ್ತೊಂದು.

ಗುನಾರ್ಸೊಗೆ ಫೋನ್ ಮಾಡಿ ಎಲ್ಲ ಹೇಳಿದೆ, ರೇಡಿಯೋ, ಬಿಸಿಲು, ಗಂಜಿ ಎಲ್ಲ. ಕೊನೆಗೆ ಅಂದ: "ಪಾಕ್, ಮುನ್ನೂರೈವತ್ತಕ್ಕಿಂತ ಕೆಳಗೆ ಹೋದ್ರೆ ನಾನು ವಾಪಸ್ ತಗೊಂಡ್ ಹೋಗ್ತೀನಿ. ಬೇಜಾರು ಮಾಡ್ಕೋಬೇಡಿ. ಇಲ್ಲಿ ವಾರಕ್ಕೊಂದು ಇಲಿ ತಪ್ಪದೆ ತಿಂತಿದ್ಲು. ಬು ಉಮಿ ಮುಂದೇನೇ ಎಷ್ಟೋ ಸಲ ತಿಂದಿದಾಳೆ."

"ಉಮಿ ಎಷ್ಟು ಸಲ ಬಂದಿದ್ಲು ನಿಮ್ಮನೆಗೆ?"

"ಪ್ರತಿ ಗುರುವಾರ. ಒಂದು ವರ್ಷ ಆಗಿರ್ಬೇಕು."

ಗುರುವಾರ ಅವಳು ಬಾವೆನ್‌ನಲ್ಲಿರುವ ಅಕ್ಕನ ಮನೆಗೆ ಹೋಗುತ್ತಿದ್ದಳು. ಹಾಗಂತ ನನಗೆ ಹೇಳಿದ್ದಳು. ಅಕ್ಕನಿಗೆ ಫೋನ್ ಮಾಡಿದೆ. ಹೋದ ವರ್ಷ ಹಬ್ಬಕ್ಕೆ ಬಂದದ್ದೇ ಕೊನೆ ಅಂದಳು.

ಜುಲೈ 20, ಭಾನುವಾರ

ಬರೆಯಬಾರದ್ದು ಯೋಚಿಸಿದೆ. ಬರೆಯುವುದಿಲ್ಲ.

ಗುನಾರ್ಸೊಗೆ ಹೆಂಡತಿ ಇದ್ದಾಳೋ ಇಲ್ಲವೋ, ನಾನು ಕೇಳಿರಲಿಲ್ಲ.

ಜುಲೈ 24, ಗುರುವಾರ

ಅಂಬಾರಾವಾಕ್ಕೆ ಮಿನಿಬಸ್ಸಿನಲ್ಲಿ ಹೋದೆ. ಹೊರಟಾಗ ಜಗಳವಾಡಬೇಕೆಂದೇ ಹೊರಟಿದ್ದೆ. ದಾರಿಯುದ್ದಕ್ಕೂ ಬಾಯಲ್ಲೇ ಮಾತು ಜೋಡಿಸಿದೆ, ಪಕ್ಕದ ಸೀಟಿನ ಹೆಂಗಸು ನನ್ನಿಂದ ಸರಿದು ಕೂತಳು.

ಗುನಾರ್ಸೊಗೆ ಹೆಂಡತಿ ಇದ್ದಾಳೆ. ದೊಡ್ಡ ಹೊಲಿಗೆ ಯಂತ್ರದ ಮುಂದೆ ಕೂತು ಸೀಟಿನ ರೆಕ್ಸಿನ್ ಹೊಲಿಯುತ್ತಿದ್ದಳು. ನನ್ನನ್ನು ನೋಡಿ ತಲೆಯಾಡಿಸಿ ಮತ್ತೆ ಹೊಲಿಗೆಗೆ ಕೂತಳು. ಒಳಗೆ ಬನ್ನಿ ಅನ್ನಲಿಲ್ಲ, ಊಟ ಆಯಿತೇ ಅನ್ನಲಿಲ್ಲ. ಎಂಥ ಜನ ಅಂದುಕೊಂಡೆ.

ಹಿಂದಿನ ಕೋಣೆಗೆ ಗುನಾರ್ಸೊ ಕರೆದುಕೊಂಡು ಹೋದ. ಕತ್ತಲೆ, ಬೆಚ್ಚಗೆ, ಗೋಡೆಯುದ್ದ ಪೆಟ್ಟಿಗೆಗಳು. ಒಂದು ಮರದ ಸ್ಟೂಲು.

"ಇಲ್ಲೇ ಕೂರ್ತಿದ್ರು."

"ಕೂತು ಏನ್ ಮಾಡ್ತಿದ್ಲು?"

"ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ?"

"ಕೂರ್ತಿದ್ರು ಪಾಕ್. ಒಂದು ಗಂಟೆ, ಒಂದೂವರೆ ಗಂಟೆ. ಮೊದಲನೇ ಸಲ ಸೀಟು ಹೊಲಿಸೋಕೆ ಬಂದಿದ್ರು, ನಿಮ್ಮ ಬೈಕಿಂದು. ಕಾಯ್ಬೇಕಿತ್ತು, ಹೊರಗೆ ಬಿಸಿಲು, ಒಳಗೆ ಕೂತ್ರು. ಮುಂದಿನ ವಾರ ಸೀಟಿಲ್ದೇ ಬಂದ್ರು."

"ನಿಮ್ಮ ಹತ್ರ ಮಾತಾಡ್ತಿರ್ಲಿಲ್ವಾ?"

ಅವನು ತಲೆ ಕೆರೆದುಕೊಂಡ. "ನಾನು ಮೊದಲನೇ ದಿನ ಚಹಾ ತಂದುಕೊಟ್ಟೆ. ಬೇಡ ಅಂದ್ರು. 'ಚಹಾ ಬಂದ್ರೆ ಮಾತಾಡ್ಬೇಕಾಗತ್ತೆ' ಅಂದ್ರು. ಆಮೇಲೆ ನಾನೂ ಕೊಡ್ಲಿಲ್ಲ, ಅವರೂ ಮಾತಾಡ್ಲಿಲ್ಲ. ನಿಮ್ಮ ಹಾವು ಆಗ ಚಿಕ್ಕದು. ಮಡಕೆ ಕೆಳಗೆ ಸೇರ್ಕೊಂಡಿರೋದು. ಒಂದಿನ ಅದನ್ನೇ ನೋಡ್ತಾ ಅಂದ್ರು, 'ಇವಳು ಒಳಗೆ ಹೋದ್ರೆ ಹೊರಗೆ ಬಾ ಅಂತ ಯಾರೂ ಕರೆಯಲ್ವಲ್ಲ, ಎಷ್ಟು ಚೆಂದ' ಅಂತ. ಇವಳನ್ನ ನಂಗೇ ಇಟ್ಟಿರಿ ಅಂದ್ರು. ಮನೇಲಿ ಒಂದು ಕೋಣೆ ಬಿಡಿಸ್ಕೋಬೇಕು, ಹಾವಿದೆ ಅಂದ್ರೆ ಯಾರೂ ಒಳಗೆ ಬರಲ್ಲ ಅಂತ ನಕ್ರು."

ಹಾವಿದೆ ಅಂದರೆ ಯಾರೂ ಒಳಗೆ ಬರುವುದಿಲ್ಲ. ನಾನು ಹತ್ತೊಂಬತ್ತು ಜನರನ್ನು ಕರೆದು ತೋರಿಸಿದೆ. ಆಮೇಲೆ ಮೂವತ್ತೊಂದು.

ಜಗಳದ ಮಾತು ಒಂದೂ ನೆನಪಾಗಲಿಲ್ಲ. ಆ ಸ್ಟೂಲಿನ ಮೇಲೆ ಕೂತೆ. ಗುನಾರ್ಸೊ ಹೊರಗೆ ಹೋದ. ಎಷ್ಟು ಹೊತ್ತೋ ಗೊತ್ತಿಲ್ಲ. ಯಾರೂ ಬಂದು ಯಾಕೆ ಅಂತ ಕೇಳಲಿಲ್ಲ.

ಜುಲೈ 25, ಶುಕ್ರವಾರ

ಇವತ್ತು ಬೆಳಿಗ್ಗೆ ಎದ್ದಾಗಿನಿಂದ ಒಂದೇ ನೆನಪು, ಬರೆದುಬಿಟ್ಟರೆ ಹೋದೀತೋ ನೋಡುತ್ತೇನೆ. ಅವತ್ತು ಏಪ್ರಿಲ್ ಇಪ್ಪತ್ತೈದು. ಚರಂಡಿ ಕೆಲಸದ ಸಭೆ, ಮುಂದಿನ ಕೋಣೆಯಲ್ಲಿ ಹನ್ನೊಂದು ಜನ. ಒಳಗೆ ಕೆಟಲ್ ಶಿಳ್ಳೆ ಹಾಕುತ್ತಿತ್ತು. ಯಾರೂ ಇಳಿಸುತ್ತಿಲ್ಲ. ನಾನು ಕೂತಲ್ಲಿಂದಲೇ ಕೂಗಿದೆ, "ಉಮೀ, ಚಹಾ ಆಯ್ತಾ?" ಎರಡು ಸಲ ಕೂಗಿದೆ. ಆಮೇಲೆ ಲೆಗಿಮಾನ್ ಎದ್ದು ಹೋಗಿ ನೋಡಿದ. ಅವಳು ಒಲೆಯ ಮುಂದೆ ಬಿದ್ದಿದ್ದಳು. ಹೃದಯ ಅಂದರು ಡಾಕ್ಟರು, ಕೂಡಲೇ ಜೀವ ಹೋಗಿದೆ, ನೋವಾಗಿರಲಿಕ್ಕಿಲ್ಲ ಅಂದರು.

ಹೋಗಲಿಲ್ಲ ನೆನಪು.

ಬಹುಶಃ ನಾಲ್ಕು ವರ್ಷದ ಹಿಂದೆ ಅವಳು ಒಂದು ಮಾತು ಕೇಳಿದ್ದಳು, ಭಾನುವಾರ ಮಧ್ಯಾಹ್ನ ಮಾತ್ರ ಮುಂಬಾಗಿಲು ಹಾಕಿಕೊಳ್ಳೋಣವೇ ಅಂತ. ನಾನು ನಕ್ಕೆ. ಪಾಕ್ ಆರ್‌ಟಿಯ ಮನೆ ಬಾಗಿಲು ಹಾಕಿದರೆ ಜನ ಏನಂದುಕೊಳ್ಳುತ್ತಾರೆ ಅಂದೆ. ಅವಳೂ ನಕ್ಕಳು. ಎರಡನೇ ಸಲ ಕೇಳಲಿಲ್ಲ.

ಪೆಟ್ಟಿಗೆಯನ್ನು ಅವಳ ಇಸ್ತ್ರಿ ಕೋಣೆಗೆ ಒಯ್ದೆ. ಕೋಣೆಯಲ್ಲಿ ಬೀದಿಯ ಬಾವುಟ, ಧ್ವನಿವರ್ಧಕ, ಐವತ್ತು ಪ್ಲಾಸ್ಟಿಕ್ ಕುರ್ಚಿ ಪೇರಿಸಿಟ್ಟಿತ್ತು, ಉಮಿ ನಡುವೆ ಒಂದು ಮೊಳ ಜಾಗದಲ್ಲಿ ನಿಂತು ಇಸ್ತ್ರಿ ಮಾಡುತ್ತಿದ್ದಳು. ಎಲ್ಲ ತೆಗೆದು ಜಗಲಿಗೆ ಹಾಕಿದೆ. ಗಾಜಿನ ಮೂರು ಕಡೆಗೆ ಅವಳ ಹಳೆಯ ಬಾಟಿಕ್ ಬಟ್ಟೆ ಇಳಿಬಿಟ್ಟೆ.

ಜುಲೈ 28, ಸೋಮವಾರ

ಮುನ್ನೂರ ಐವತ್ತೆಂಟು. ಇನ್ನು ಎಂಟು ಗ್ರಾಂ. ಇವತ್ತು ತೂಗಿದ್ದೇ ಕೊನೆ, ಇನ್ನು ಅವಳನ್ನು ಎತ್ತುವುದಿಲ್ಲ. ಶನಿವಾರ ಒಂದು ಇಲಿ ಇಡುತ್ತೇನೆ. ತಿಂದರೆ ಸರಿ, ತಿನ್ನದಿದ್ದರೆ ಭಾನುವಾರ ಬಂದು ಕರೆದುಕೊಂಡು ಹೋಗಿ ಅಂತ ಗುನಾರ್ಸೊಗೆ ಹೇಳಿದ್ದೇನೆ. "ಮನೆ ಸದ್ದಿಲ್ದೆ ಇರ್ಲಿ. ಇಲಿ ಇಟ್ಟು ನೀವೂ ಹೊರಗೆ ಹೋಗ್ಬಿಡಿ" ಅಂದ.

ಶನಿವಾರ ಅಂದರೆ ಆಗಸ್ಟ್ ಎರಡು, ಉಮಿಯ ನೂರನೇ ದಿನ. ಸಂಜೆಯ ಪ್ರಾರ್ಥನೆಗೆ ಎಪ್ಪತ್ತು ಜನ ಬರುವವರಿದ್ದಾರೆ, ನಮ್ಮ ಮನೆಗೆ. ಮೊದಲು ಇದನ್ನು ಬರೆಯುವಾಗ ನನಗೆ ಗೊಂದಲ ಅನಿಸಲಿಲ್ಲ. ಬರೆದು ಮುಗಿಸಿದ ಮೇಲೆ ಅನಿಸಿತು.

ಜುಲೈ 30, ಬುಧವಾರ

ಕಸ್ಮಿಯೂ ಲೆಗಿಮಾನನೂ ಅಡುಗೆಯ ಪಟ್ಟಿ ಹಿಡಿದು ಬಂದರು. ಹಿತ್ತಲಲ್ಲಿ ಮೂರು ಒಲೆ, ಕೋಳಿ ಇಪ್ಪತ್ತು, ಬೆಳಿಗ್ಗೆ ಐದರಿಂದ ಹೆಂಗಸರು ಹೆಚ್ಚಲು ಬರುತ್ತಾರೆ. ಕೇಳುತ್ತ ಕೂತೆ.

"ಪ್ರಾರ್ಥನೆ ಮಸೀದಿ ಪಕ್ಕದ ಹಾಲ್‌ನಲ್ಲಿ ಮಾಡೋಣ. ಅಡುಗೆ ಹೊರಗಿಂದ ತರಿಸ್ತೀನಿ" ಅಂದೆ.

ಲೆಗಿಮಾನ್ ಬಾಯಿಂದ ಸಿಗರೇಟು ತೆಗೆದ. "ಏನಂದೆ?"

"ಹಾಲ್‌ನಲ್ಲಿ."

"ನಿನ್ನ ಹೆಂಡ್ತಿ ನೂರನೇ ದಿನ ನಿನ್ನ ಮನೇಲಲ್ದೆ ಹಾಲ್‌ನಲ್ಲಾ? ಇಪ್ಪತ್ತೆರಡು ವರ್ಷದಲ್ಲಿ ಈ ಬೀದೀಲಿ ಯಾರಾದ್ರೂ ಹಂಗೆ ಮಾಡಿದಾರೇನೋ? ಸತ್ತೋರು ಮನೆ ನೋಡೋಕೆ ಬರ್ತಾರೆ, ಮನೆ ಖಾಲಿ ಇದ್ರೆ ಅವಳಿಗೆ ಹೆಂಗನ್ಸತ್ತೆ?"

ಚೆನ್ನಾಗನಿಸುತ್ತದೆ ಅಂತ ಬಾಯಿಗೆ ಬಂತು. ಹೇಳಲಿಲ್ಲ.

"ಹಾವಿಗೋಸ್ಕರಾನಾ?" ಅಂತ ಕಸ್ಮಿ ಕೇಳಿದಳು, ಮೆಲ್ಲಗೆ. "ಬೀದೀಲಿ ಏನಂತಿದಾರೆ ಗೊತ್ತಾ? ಪಾಕ್ ಆರ್‌ಟಿಗೆ ತಲೆ ಕೆಟ್ಟಿದೆ ಅಂತ. ಆ ಕೋಣೆಗೆ ಬೀಗ ಬೇರೆ ಹಾಕಿದೀರಂತೆ. ನನ್ನ ಐಸ್‌ಕ್ಯಾಂಡಿ ತಗೊಳೋಕೆ ಬಂದ್ರೆ ಹಿತ್ತಲ ಬಾಗಿಲಿಗೂ ಚಿಲಕ. ನಾನೇನ್ ಕಳ್ಳೀನಾ?"

"ನಿನ್ನ ಕ್ಯಾಂಡಿ ಎಲ್ಲ ಡಬ್ಬಿಗೆ ಹಾಕಿಟ್ಟಿದೀನಿ. ಸಂಜೆ ನಾನೇ ತಂದುಕೊಡ್ತೀನಿ. ನಿಮ್ಮನೆಗೇ ಒಂದು ಫ್ರೀಜರ್ ತಗೋಬಾರ್ದಾ?"

ಅವಳು ಎದ್ದು ನಿಂತಳು. ಮುಖ ಊದಿಸಿಕೊಂಡು ಹೊರಟವಳು ಬಾಗಿಲಲ್ಲಿ ತಿರುಗಿ, "ಉಮಿ ಇದ್ದಿದ್ರೆ ಹಿಂಗಾಗ್ತಿರ್ಲಿಲ್ಲ" ಅಂದಳು.

ಅದು ನಿಜ. ಉಮಿ ಇದ್ದಿದ್ದರೆ ಚಹಾ ತರುತ್ತಿದ್ದಳು.

ಇವತ್ತು ನಾನು ಅವರಿಬ್ಬರಿಗೂ ಚಹಾ ಕೊಟ್ಟೆನೇ? ಕೊಟ್ಟಿಲ್ಲ. ಈಗ ನೆನಪಾಯಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಮರೆತಿದ್ದೇನೆ. ವಯಸ್ಸಾಗುತ್ತಿದೆ.

ಆಗಸ್ಟ್ 1, ಶುಕ್ರವಾರ

ಬಲ್ಬಿನ ಕಡೆ ಮೂವತ್ತೆರಡು ಡಿಗ್ರಿ. ನೀರು ಬದಲಾಯಿಸಿದೆ. ಹಾಲ್‌ನ ಬೀಗದಕೈ ತಂದೆ. ಅಡುಗೆಯವರು ಎಂಬತ್ತು ಪೊಟ್ಟಣ ಕೊಡುತ್ತಾರೆ.

ಯಾರೂ ಬರಲಿಲ್ಲ ಇವತ್ತು. ಮುನಿಸಿಕೊಂಡಿದ್ದಾರೆ. ಮೊದಲಾಗಿದ್ದರೆ ಮನೆಮನೆಗೆ ಹೋಗಿ ಸಮಾಧಾನ ಮಾಡುತ್ತಿದ್ದೆ. ಮಧ್ಯಾಹ್ನ ಮಲಗಿದೆ, ಚೆನ್ನಾಗಿ ನಿದ್ದೆ ಬಂತು. ಎಚ್ಚರವಾದಾಗ ತಪ್ಪು ಮಾಡಿದ ಹಾಗನಿಸಿತು, ಏನು ತಪ್ಪು ಅಂತ ಹೊಳೆಯಲಿಲ್ಲ.

ಆಗಸ್ಟ್ 2, ಶನಿವಾರ

ಆದ ಹಾಗೆಯೇ ಬರೆಯುತ್ತೇನೆ.

ಸಂಜೆ ಐದೂವರೆಗೆ ಇಲಿ ನೆನೆಸಿದೆ. ಈ ಸಲ ಕೈ ನಡುಗಲಿಲ್ಲ. ಮಡಕೆಯ ಬಾಯಿಯ ಹತ್ತಿರ ಇಟ್ಟು, ಬಾಟಿಕ್ ಇಳಿಬಿಟ್ಟು, ಕೋಣೆಯ ಬಾಗಿಲು ಹಾಕಿದೆ. ಹಿತ್ತಲ ಬಾಗಿಲು ಹಾಕಿದೆ. ಕಿಟಕಿಗಳನ್ನು ಹಾಕಿದೆ. ಮುಂಬಾಗಿಲಿನ ಕೀಲು ತುಕ್ಕು ಹಿಡಿದಿತ್ತು, ಎರಡು ಸಲ ಎಳೆದ ಮೇಲೆ ಬಂತು.

ಹಾಲ್‌ಗೆ ಜನ ಬಂದರು. ಎಪ್ಪತ್ತು ಅಲ್ಲ, ನಲವತ್ತು ಚಿಲ್ಲರೆ. ಲೆಗಿಮಾನ್ ಬಂದಿದ್ದ, ಹಿಂದಿನ ಸಾಲಿನಲ್ಲಿ ಕೂತ. ಉಮಿಯ ಹೆಸರು ಹೇಳಿ ಪ್ರಾರ್ಥನೆ ಮಾಡುವಾಗ ನಾನು ಅವಳನ್ನು ನೆನೆಯಬೇಕಿತ್ತು, ಹಾವನ್ನು ನೆನೆಯುತ್ತಿದ್ದೆ. ಆ ಎಂಟು ಗ್ರಾಂ. ನಾಳೆ ಗುನಾರ್ಸೊ ಬಂದು ಪೆಟ್ಟಿಗೆ ಎತ್ತಿಕೊಂಡು ಹೋದರೆ ಉಮಿ ಎರಡನೇ ಸಲ ಹೋದ ಹಾಗೆ. ಈ ಸಲವೂ ನಾನು ಜನರ ನಡುವೆ ಕೂತಿದ್ದಾಗಲೇ.

ಮುಗಿದ ಮೇಲೆ ಊಟದ ಪೊಟ್ಟಣ ಹಿಡಿದು ಹತ್ತು ಹನ್ನೆರಡು ಜನ ನನ್ನ ಜೊತೆಗೇ ನಡೆದು ಬಂದರು, ಯಾವಾಗಲೂ ಬರುವ ಹಾಗೆ. ಮುನಿಸೆಲ್ಲ ಪ್ರಾರ್ಥನೆಯಲ್ಲಿ ಕರಗಿತ್ತು. ಗೇಟಿನ ಹತ್ತಿರ ಲೆಗಿಮಾನ್ ಚಪ್ಪಲಿ ಬಿಡಲು ಬಗ್ಗಿದ.

"ಇವತ್ತು ಬೇಡ" ಅಂದೆ.

ಎಲ್ಲರೂ ನಿಂತರು.

"ಏನು, ಹುಷಾರಿಲ್ವಾ?" ಅಂದ ಲೆಗಿಮಾನ್.

"ಹುಷಾರಾಗಿದೀನಿ. ಇವತ್ತು ಬೇಡ. ನಾಳೆ ಸಂಜೆ ಬಾ, ಚದುರಂಗ ಆಡೋಣ."

ಅವನು ನನ್ನ ಮುಖವನ್ನೇ ನೋಡಿದ. ಬೈಯುತ್ತಾನೆ ಅಂದುಕೊಂಡೆ. ಅವನು ಒಂದು ಕಾಲಿನ ಚಪ್ಪಲಿ ಮತ್ತೆ ಹಾಕಿಕೊಂಡು, "ಸರಿ, ನಾಳೆ ಬಿಳಿ ಕಾಯಿ ನಂದು" ಅಂದ. ಹೋದರು. ಅಷ್ಟೇ, ಹೋದರು.

ಮನೆಯೊಳಗೆ ಕಾಲಿಟ್ಟಾಗ ಸದ್ದೇ ಇರಲಿಲ್ಲ. ನನ್ನ ಉಸಿರು ನನಗೆ ಕೇಳಿಸಿತು. ಇಸ್ತ್ರಿ ಕೋಣೆಯ ಬಾಗಿಲು ಒಂದು ಬೆರಳಿನಷ್ಟು ತೆರೆದು, ಬಾಟಿಕ್ ಸರಿಸಿದೆ. ಇಲಿ ಇರಲಿಲ್ಲ. ಅವಳು ಮಡಕೆಯ ಹೊರಗೆ ಉದ್ದಕ್ಕೆ ಚಾಚಿ ಮಲಗಿದ್ದಳು, ಹೊಟ್ಟೆಯ ಹತ್ತಿರ ಒಂದು ಉಬ್ಬು. ಅವಳು ಎಷ್ಟು ಉದ್ದ ಇದ್ದಾಳೆಂದು ಇವತ್ತೇ ನೋಡಿದ್ದು. ನನ್ನನ್ನು ಕಂಡು ತಲೆ ಎತ್ತಿದಳು. ಉಂಡೆಯಾಗಲಿಲ್ಲ.

"ಉಮೀ!" ಅಂತ ಕೂಗಿಬಿಟ್ಟೆ. "ಉಮೀ, ತಿಂದ್ಲು ಕಣೇ!"

ಅಡುಗೆಮನೆಯಿಂದ ಯಾರೂ ಬರಲಿಲ್ಲ. ಬಾಗಿಲು ಮೆಲ್ಲಗೆ ಹಾಕಿ, ಹೊರಗೆ ನೆಲದ ಮೇಲೆ ಕೂತು ಅತ್ತೆ. ತೀರಿಕೊಂಡ ದಿನ ಅತ್ತಿರಲಿಲ್ಲ. ಬಂದವರನ್ನು ನೋಡಿಕೊಳ್ಳಬೇಕಿತ್ತಲ್ಲ.

ಆಗಸ್ಟ್ 3, ಭಾನುವಾರ

ಗುನಾರ್ಸೊಗೆ ಫೋನ್ ಮಾಡಿ ಬರಬೇಡಿ ಅಂದೆ. "ಹಾಂ" ಅಂದ. ಸ್ವಲ್ಪ ತಡೆದು, "ಎರಡು ದಿನ ಮುಟ್ಬೇಡಿ" ಅಂದ.

ಮಧ್ಯಾಹ್ನ ಊಟವಾದ ಮೇಲೆ ಮುಂಬಾಗಿಲು ಹಾಕಿದೆ. ಇಸ್ತ್ರಿ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಕಸ್ಮಿ ಒಂದು ಸಲ ಬಂದಳು, ಹೆಜ್ಜೆಯಿಂದ ಗೊತ್ತಾಯಿತು. ಬಾಗಿಲು ಹಾಕಿದ್ದು ನೋಡಿ ಒಂದು ನಿಮಿಷ ನಿಂತು ಹೋದಳು. ಮಕ್ಕಳು ಸೈಕಲ್ ಹೊಡೆದವು. ಯಾರೋ ಮೊಹರಿಗೆ ಬಂದು, ನಾಳೆ ಬಂದರಾಯಿತು ಅಂತ ಪಕ್ಕದವರಿಗೆ ಹೇಳಿ ಹೋದರು. ಬೀದಿಗೆ ಏನೂ ಆಗಲಿಲ್ಲ. ಯಾರೂ ಏನೂ ಅಂದುಕೊಂಡ ಹಾಗೆ ಕಾಣಲಿಲ್ಲ.

ಒಂದರಿಂದ ನಾಲ್ಕರವರೆಗೆ, ಮೂರು ಗಂಟೆ.

ಇಷ್ಟು ಸುಲಭವಿತ್ತು, ಉಮಿ.